ದಂಟಿನ ಲೆಕ್ಕ ಬರೆದವರಿಲ್ಲ

ಹುಮನಾಬಾದಿನ ಕೂಡುರಸ್ತೆಯಲ್ಲಿ ನಿಂತರೆ ಮೂಡಲಿಗೆ ಹೈದರಾಬಾದಿನ ಬಸ್ಸು, ಪಡುವಲಿಗೆ ಸೊಲ್ಲಾಪುರದ ಬಸ್ಸು. ನಮ್ಮ ಕೇರಿಗಳ ಮಂದಿ ಎರಡೂ ಬಸ್ಸು ಹತ್ತಿದವರೇ. ಹೈದರಾಬಾದಿಗೆ ಗಾರೆ ಕೆಲಸಕ್ಕೆ, ಸೊಲ್ಲಾಪುರದ ಆಚೆಗೆ ಕಬ್ಬು ಕಡಿಯಲಿಕ್ಕೆ. ಈ ರಸ್ತೆಯ ಮೇಲೆ ನಾವು ಎಷ್ಟು ಓಡಾಡಿದ್ದೇವೋ ಜೋಳವೂ ಅಷ್ಟೇ ಓಡಾಡಿದೆ ಎಂಬುದು ನಮಗೆ ಕಾಲೇಜು ಮುಗಿಸಿ, ನಾಲ್ಕು ಪುಸ್ತಕ ತಿರುವಿ ಹಾಕಿದ ಮೇಲೆ ತಿಳಿಯಿತು.

ಮೂಡಲ ತುದಿಯಲ್ಲಿ, ಹೈದರಾಬಾದಿನ ರಾಜೇಂದ್ರನಗರದಲ್ಲಿ, ಜೋಳದ ರಾಷ್ಟ್ರೀಯ ಸಂಶೋಧನಾ ಸಂಸ್ಥೆ ಇದೆ. ಪಡುವಲ ತುದಿಯ ಸೊಲ್ಲಾಪುರದಲ್ಲಿ ಅದೇ ಸಂಸ್ಥೆಯ ಹಿಂಗಾರಿ ಜೋಳದ ಕೇಂದ್ರ ಇದೆ. ನಡುವೆ ಪಟಾನ್‌ಚೆರುವಿನಲ್ಲಿ 1972ರಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ಸಂಸ್ಥೆ ಇಕ್ರಿಸ್ಯಾಟ್. ಅದರ ಬೀಜ ಭಂಡಾರದಲ್ಲಿ ಲೋಕದ ನಾನಾ ಕಡೆಯಿಂದ ತಂದ ಜೋಳದ ಬೀಜಗಳೇ 40,000ಕ್ಕೂ ಹೆಚ್ಚು. ಅಲ್ಲಿಂದ ಮುಂದೆ ಜಹೀರಾಬಾದ್. ಗಡಿ ದಾಟಿದರೆ ನಾವು: ಹುಮನಾಬಾದ್, ಬಸವಕಲ್ಯಾಣ. ಎರಡು ಸಂಶೋಧನಾ ಕೇಂದ್ರಗಳ ನಡುವೆ, ಜೋಳದ ರೊಟ್ಟಿ ತಿಂದೇ ಬೆಳೆದ ಎರಡು ತಾಲ್ಲೂಕು. ಆದರೂ ಆ ಸಂಸ್ಥೆಯ ಚರಿತ್ರೆಯಲ್ಲಿ ನಮ್ಮವರು ಎಲ್ಲಿದ್ದಾರೆ ಅಂತ ಹುಡುಕಿದರೆ ಸಿಗುವುದಿಲ್ಲ. ಸಿಗದಿರುವುದಕ್ಕೆ ಕಾರಣ ಏನು ಎಂಬುದನ್ನೇ ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ಸಂಸ್ಥೆಯ ಜನ್ಮಪತ್ರಿಕೆ ನೋಡೋಣ. 1958ರಲ್ಲಿ ಹತ್ತಿ, ಎಣ್ಣೆಕಾಳು, ಜೋಳ-ಸಜ್ಜೆಗಳ ಪ್ರಾದೇಶಿಕ ಸಂಶೋಧನೆಗೆಂದು ಕೇಂದ್ರ ಸರ್ಕಾರ ಒಂದು ಯೋಜನೆ ಮಾಡಿತು. ಆ ಯೋಜನೆಯ ಕೂಸಾಗಿ ಹೈದರಾಬಾದಿನ ಕೇಂದ್ರ ಶುರುವಾಯಿತು. ಮುಂದೆ ಅದು ದಿಲ್ಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರವಾಯಿತು. 1969ರಲ್ಲಿ ದೇಶದ ಜೋಳದ ಕೇಂದ್ರಗಳನ್ನೆಲ್ಲ ಒಂದೇ ದಾರಕ್ಕೆ ಪೋಣಿಸುವ ಅಖಿಲ ಭಾರತ ಸಮನ್ವಿತ ಯೋಜನೆ ಬಂತು. ನಮ್ಮ ಧಾರವಾಡ, ವಿಜಾಪುರ ಆ ದಾರಕ್ಕೆ ಸೇರಿದ್ದವು. 1987ರ ನವೆಂಬರಿನಲ್ಲಿ ಹೈದರಾಬಾದಿನ ಕೇಂದ್ರ ರಾಷ್ಟ್ರೀಯ ಜೋಳ ಸಂಶೋಧನಾ ಕೇಂದ್ರವಾಯಿತು, 2009ರಲ್ಲಿ ಜೋಳ ಸಂಶೋಧನಾ ನಿರ್ದೇಶನಾಲಯ, 2014-15ರ ಹೊತ್ತಿಗೆ ಭಾರತೀಯ ಸಿರಿಧಾನ್ಯ ಸಂಶೋಧನಾ ಸಂಸ್ಥೆ. ಅರವತ್ತು ವರ್ಷದೊಳಗೆ ಇಷ್ಟು ಹೆಸರು. ಹೆಸರಿನ ಮಾತು ಮುಂದೆ ಬರುತ್ತದೆ, ಇರಲಿ.

ಬ್ರಿಟಿಷರ ಕಾಲದಲ್ಲಿ ಯಾವ ಬೆಳೆಗೆ ಮೊದಲು ಸಂಶೋಧನೆ ಬಂತು ಅಂತ ನೋಡಿದರೆ ಸರ್ಕಾರ ಯಾರ ಹೊಟ್ಟೆ ನೋಡುತ್ತಿತ್ತು ಅಂತ ತಿಳಿಯುತ್ತದೆ. 1912ರಲ್ಲಿ ಕೊಯಮತ್ತೂರಿನಲ್ಲಿ ಕಬ್ಬಿನ ತಳಿ ಕೇಂದ್ರ. 1921ರಲ್ಲಿ ಹತ್ತಿಗೆ ಕೇಂದ್ರ ಸಮಿತಿ. ಒಂದು ಸಕ್ಕರೆಗೆ, ಇನ್ನೊಂದು ಗಿರಣಿಗೆ. ಜೋಳ ಹಡಗು ಹತ್ತಿ ವಿಲಾಯತಿಗೆ ಹೋಗುವ ಮಾಲಲ್ಲ, ಇಲ್ಲಿ ಬೆವರು ಸುರಿಸುವವರ ಹೊಟ್ಟೆಗೆ ಹೋಗುವ ಕಾಳು. ಅದಕ್ಕೂ 1923ರಲ್ಲಿ ಕೊಯಮತ್ತೂರಿನಲ್ಲಿ ಒಂದು ತಳಿ ಕೇಂದ್ರ ಆಯಿತು, ನಿಜ. 1929ರಲ್ಲಿ ಈಗಿನ ಭಾರತೀಯ ಕೃಷಿ ಸಂಶೋಧನಾ ಪರಿಷತ್ತು ಹುಟ್ಟಿದ ಮೇಲೆ ಅಲ್ಲಿಷ್ಟು ಇಲ್ಲಿಷ್ಟು ರೊಕ್ಕ ಬಂತು. ಆದರೆ ಜೋಳ ಸಾಲಿನಲ್ಲಿ ಹಿಂದೆಯೇ ನಿಂತಿತ್ತು. ಸಾಲಿನಲ್ಲಿ ಹಿಂದೆ ನಿಲ್ಲುವುದು ಎಂದರೇನು ಅಂತ ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಸೊಲ್ಲಾಪುರ ಜಿಲ್ಲೆಯ ಮೊಹೋಳದಲ್ಲಿ 1930ರ ದಶಕದಲ್ಲಿ ಒಂದು ಕೆಲಸ ನಡೆಯಿತು. ಅಲ್ಲಿನ ರೈತರು ಬೆಳೆಯುತ್ತಿದ್ದ ಮಾಲದಂಡಿ ಎಂಬ ಹಿಂಗಾರಿ ಜೋಳದಿಂದ ಒಳ್ಳೆ ತೆನೆಗಳನ್ನು ಆರಿಸಿ, ಬಿತ್ತಿ, ಮತ್ತೆ ಆರಿಸಿ ಒಂದು ತಳಿ ಮಾಡಿದರು. ಅದಕ್ಕೆ ಎಂ 35-1 ಅಂತ ಹೆಸರಿಟ್ಟರು. ನಮ್ಮ ಸಂತೆಯಲ್ಲಿ ಇವತ್ತಿಗೂ ‘ಮಾಲದಂಡಿ’ ಅಂತ ಕೂಗಿ ಮಾರುವುದು ಈ ಕುಲದ ಕಾಳನ್ನೇ. ತೊಂಬತ್ತು ವರ್ಷದ ಹತ್ತಿರ ಆಯಿತು. ಆಮೇಲೆ ಬಂದ ಹಿಂಗಾರಿ ಹೈಬ್ರಿಡ್‌ಗಳು ಒಂದೂ ಅದನ್ನು ಹೊಲದಿಂದ ಎಬ್ಬಿಸಲಾಗಲಿಲ್ಲ. ಎರಿ ಮಣ್ಣಿನಲ್ಲಿ ಉಳಿದ ಹಸಿಯನ್ನೇ ಹೀರಿಕೊಂಡು, ಮಾಗಿಯ ಇಬ್ಬನಿ ಕುಡಿದು, ಮಳೆ ಇಲ್ಲದೆ ಕಾಳು ಕಟ್ಟುವ ಬೆಳೆ ಅದು. ಆ ಗುಣ ಪ್ರಯೋಗಾಲಯದಲ್ಲಿ ಹುಟ್ಟಿದ್ದಲ್ಲ.

ಹಾಗಾದರೆ ಎಲ್ಲಿ ಹುಟ್ಟಿತು? ನಮ್ಮ ಆಯಿ ಹೇಳುತ್ತಿದ್ದಳು: ಕಣದಾಗ ರಾಶಿ ಆಗೂಕಿಂತ ಮೊದಲು ಹೊಲದಾಗೇ ಬೀಜದ ತೆನಿ ಆರಿಸಬೇಕು, ತುಂಬಿದ್ದು, ಬಾಗಿದ್ದು, ಹಕ್ಕಿ ಮುಟ್ಟಲಾರದ್ದು. ಆರಿಸುವವರು ಹೆಂಗಸರು. ತೆನೆ ಮುರಿಯುವ ಕೂಲಿಗೆ ಹೋದವರು ಅವರೇ ಆದ್ದರಿಂದ ಯಾವ ಸಾಲಿನಲ್ಲಿ ಎಂಥ ತೆನೆ ಇದೆ ಎಂಬುದು ಧಣಿಗಿಂತ ಅವರಿಗೇ ಗೊತ್ತು. ಆರಿಸಿದ್ದನ್ನು ಬೂದಿ, ಬೇವಿನೆಲೆ ಹಾಕಿ ಇಡುತ್ತಿದ್ದರು. ಬೀಜ ಆರಿಸಿದ ಕೈ ನಮ್ಮದು, ಬಿತ್ತುವ ಹೊಲ ನಮ್ಮದಲ್ಲ.

ಕಾಳು ಕಾಯುವ ಕೆಲಸವೂ ನಮ್ಮದೇ ಆಗಿತ್ತು. ದೊಡ್ಡ ಮನೆಗಳವರು ನೆಲದೊಳಗೆ ಹಗೇವು ತೋಡಿಸಿ ಜೋಳ ತುಂಬಿಸುತ್ತಿದ್ದರು. ವರ್ಷ ಎರಡು ವರ್ಷದ ಮೇಲೆ ಬಾಯಿ ತೆಗೆದರೆ ಒಳಗೆ ಕೆಟ್ಟ ಗಾಳಿ. ದೀಪ ಇಳಿಬಿಟ್ಟು ಆರುತ್ತದೋ ಇಲ್ಲವೋ ನೋಡಬೇಕು. ದೀಪ ಉರಿದರೂ ಮೊದಲು ಇಳಿಯುವವನು ಕೇರಿಯವನೇ. “ಹಗೇವಿನಾಗ ಇಳಿಯೋರು ನಾವು, ಮ್ಯಾಲ ನಿಂತು ಎಣಿಸೋರು ಅವರು” ಅಂತ ನಮ್ಮ ಮುತ್ಯಾ ಹೇಳುತ್ತಿದ್ದ. ಅವನ ಮೈ ಮುಟ್ಟಿದರೆ ಮೈಲಿಗೆ, ಅವನ ಕಾಲಡಿ ತುಳಿದ ಜೋಳ ಮಾತ್ರ ಮೈಲಿಗೆ ಅಲ್ಲ!

ಈಗ ರಾಜೇಂದ್ರನಗರದ ಕಡೆ ಬರೋಣ. ಇದು ಕಥೆಯ ದೊಡ್ಡ ತಿರುವು, ಆದ್ದರಿಂದ ನಿಧಾನವಾಗಿ ಹೇಳಬೇಕು.

ಜೋಳದ ತೆನೆಯಲ್ಲಿ ಗಂಡು ಹೆಣ್ಣು ಒಂದೇ ಹೂವಿನೊಳಗೆ ಇರುತ್ತವೆ. ಆದ್ದರಿಂದ ಎರಡು ತಳಿಗಳನ್ನು ಕೂಡಿಸಿ ಹೈಬ್ರಿಡ್ ಬೀಜವನ್ನು ಎಕರೆಗಟ್ಟಲೆ ಮಾಡುವುದು ಆಗದ ಮಾತಾಗಿತ್ತು. ಒಂದೊಂದು ಹೂವಿನ ಗಂಡು ಭಾಗವನ್ನು ಚಿಮಟದಿಂದ ಕೀಳುತ್ತ ಕೂರಬೇಕಿತ್ತು. 1954ರಲ್ಲಿ ಅಮೆರಿಕದ ಟೆಕ್ಸಾಸಿನಲ್ಲಿ ಸ್ಟೀಫನ್ಸ್, ಹಾಲಂಡ್ ಎಂಬಿಬ್ಬರು ಒಂದು ದಾರಿ ತೋರಿಸಿದರು. ಮಿಲೋ ಎಂಬ ಜೋಳವನ್ನು ತಾಯಿ ಮಾಡಿ, ಕಾಫಿರ್ ಎಂಬ ಜೋಳದ ಪರಾಗವನ್ನು ತಲೆಮಾರಿನಿಂದ ತಲೆಮಾರಿಗೆ ಕೊಡುತ್ತ ಹೋದರೆ, ಗಂಡುತನವೇ ಇಲ್ಲದ ತೆನೆ ಸಿಗುತ್ತದೆ. ಅದರ ಪಕ್ಕ ಬೇರೆ ಗಂಡು ಸಾಲು ಬಿತ್ತಿದರೆ ಗಾಳಿಯೇ ಮದುವೆ ಮಾಡಿಸುತ್ತದೆ. ಅಮೆರಿಕದ ರಾಕ್‌ಫೆಲ್ಲರ್ ಪ್ರತಿಷ್ಠಾನ 1956ರಿಂದ ನಮ್ಮ ಸರ್ಕಾರದ ಜೊತೆ ಒಪ್ಪಂದ ಮಾಡಿಕೊಂಡು ಕೆಲಸ ನಡೆಸಿತ್ತು. ಅದರ ಸಹಾಯದಲ್ಲಿ ಈ ವಿದ್ಯೆ ಇಲ್ಲಿಗೂ ಬಂತು. 1964ರಲ್ಲಿ ಭಾರತದ ಮೊದಲ ಹೈಬ್ರಿಡ್ ಜೋಳ ಸಿಎಸ್‌ಎಚ್-1 ಹೊರಬಿತ್ತು. ಆ ಕೆಲಸದ ಮುಂದಾಳು ವಿಜ್ಞಾನಿ ಎನ್. ಗಂಗಾ ಪ್ರಸಾದ ರಾವ್. ಅದರ ತಾಯಿಯ ಹೆಸರು ‘ಕಂಬೈನ್ ಕಾಫಿರ್-60’. ತಂದೆ ಐಎಸ್ 84; ಹೆಸರೂ ಇಲ್ಲ, ಬರೀ ನಂಬರು.

ಗೆಳೆಯರೆ, ಆ ತಾಯಿಯ ಹೆಸರನ್ನು ಇನ್ನೊಮ್ಮೆ ಓದಿ. ಕಾಫಿರ್. ದಕ್ಷಿಣ ಆಫ್ರಿಕದಲ್ಲಿ ಬಿಳಿಯರು ಕರಿಯರನ್ನು ಬಯ್ಯುತ್ತಿದ್ದ ಮಾತು ಅದು. ಇವತ್ತು ಅಲ್ಲಿ ಆ ಮಾತು ಆಡಿದರೆ ಕೋರ್ಟು ಕಟ್ಟೆ ಹತ್ತಬೇಕು. ಕರಿಯರು ಬೆಳೆದು ತಿನ್ನುತ್ತಿದ್ದ ಜೋಳಕ್ಕೂ ಬಿಳಿಯರು ಅದೇ ಹೆಸರಿಟ್ಟರು. ಅದೇ ಹೆಸರಿನಲ್ಲಿ ಅದು 1870ರ ದಶಕದಲ್ಲಿ ಅಮೆರಿಕಕ್ಕೆ ಹೋಯಿತು. 1972ರಲ್ಲಿ ಹಾರ್ಲನ್, ಡಿ ವೆಟ್ ಎಂಬ ವಿದ್ವಾಂಸರು ಲೋಕದ ಜೋಳವನ್ನೆಲ್ಲ ಐದು ಕುಲಗಳಾಗಿ ವಿಂಗಡಿಸಿದರು. ಅವುಗಳಲ್ಲಿ ಒಂದು ಕುಲದ ಹೆಸರು ಈಗಲೂ ಕಾಫಿರ್. ಜಾತಿಯ ಹೆಸರೇ ಬೈಗುಳವಾಗಿರುವ ಪಾಡು ಎಂಥದು ಅಂತ ಬಲ್ಲ ನಮಗೆ ಇದನ್ನು ಓದಿದಾಗ ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಕೂತಿರಬೇಕು ಅನಿಸಿತು.

ಕಾಫಿರ್‌ಗಿಂತ ಮೊದಲೂ ಜೋಳ ಅಮೆರಿಕ ಕಂಡಿತ್ತು. ಆಫ್ರಿಕದಿಂದ ಗುಲಾಮರನ್ನು ಹೊತ್ತ ಹಡಗುಗಳ ಜೊತೆ ಹೋಗಿ, ‘ಗಿನಿ ಕಾರ್ನ್’ ಎಂಬ ಹೆಸರಿನಲ್ಲಿ ಗುಲಾಮರ ಗುಡಿಸಲುಗಳ ಹಿಂದಿನ ತುಂಡು ನೆಲದಲ್ಲಿ ಬೆಳೆದಿತ್ತು. ಜೋಳದ ತವರೇ ಆಫ್ರಿಕ, ಸುಡಾನ್–ಇಥಿಯೋಪಿಯಗಳ ಸೀಮೆ. ಅಲ್ಲಿಂದ ಸಾವಿರಾರು ವರ್ಷದ ಹಿಂದೆ ಒಂದು ದಾರಿಯಲ್ಲಿ ನಮ್ಮ ಎರಿ ನೆಲಕ್ಕೆ ಬಂತು, ಇನ್ನೊಂದು ದಾರಿಯಲ್ಲಿ ಸಂಕೋಲೆಯ ಸಪ್ಪಳದ ಜೊತೆ ಅಮೆರಿಕಕ್ಕೆ ಹೋಯಿತು. ಎರಡು ಕಡೆಯ ದುಡಿಯುವ ಜನರ ಕಾಳು ಒಂದೇ. ಅಣ್ಣತಮ್ಮಂದಿರಾಗಬೇಕಾದ ಈ ಎರಡು ಜನರನ್ನು ಮೊದಲು ಕೂಡಿಸಿದ್ದು ಕ್ರಾಂತಿ ಅಲ್ಲ, ಹೈಬ್ರಿಡ್ ಬೀಜದ ಚೀಲ.

ಇನ್ನು ‘ಕಂಬೈನ್’ ಎಂಬ ಮಾತು. ಕಂಬೈನ್ ಎಂದರೆ ಕೊಯ್ದು ಒಕ್ಕುವ ದೊಡ್ಡ ಯಂತ್ರ. ಅಮೆರಿಕದಲ್ಲಿ ಆ ಯಂತ್ರದ ಬಾಯಿಗೆ ಎಟುಕುವ ಹಾಗೆ ಜೋಳವನ್ನು ಗಿಡ್ಡ ಮಾಡಿದರು. ಗಿಡ ಗಿಡ್ಡವಾದರೆ ಆಳು ಬೇಡ, ಯಂತ್ರ ಸಾಕು. ಆಳೇ ಬೇಡದ ಹೊಲಕ್ಕೆಂದು ಹುಟ್ಟಿದ ಗಿಡ, ಎರಡು ಕೈ ಬಿಟ್ಟರೆ ಬೇರೆ ಆಸ್ತಿಯೇ ಇಲ್ಲದ ಜನರ ಸೀಮೆಗೆ ತಾಯಿಯಾಗಿ ಬಂತು. ಇದರಲ್ಲಿ ಯಾರದೋ ಸಂಚು ಇತ್ತು ಅಂತ ನಾವು ಹೇಳುವುದಿಲ್ಲ. ಗಿಡ್ಡ ಗಿಡ ಗೊಬ್ಬರ ತಿಂದರೆ ಬೀಳುವುದಿಲ್ಲ, ಕಾಳು ಹೆಚ್ಚು ಬಿಡುತ್ತದೆ ಎಂಬ ಲೆಕ್ಕ ಸರಿಯಾಗಿಯೇ ಇತ್ತು. ಲೆಕ್ಕದ ಪುಸ್ತಕದಲ್ಲಿ ಒಂದೇ ಕಾಲಂ ಇತ್ತು, ಅಷ್ಟೆ: ಎಕರೆಗೆ ಎಷ್ಟು ಕಾಳು.

ನಮ್ಮ ನಾಟಿ ಮುಂಗಾರಿ ಜೋಳ ಎರಡಾಳು ಎತ್ತರ. ಅದರ ದಂಟು ಒಣಗಿದರೆ ಕಣಕಿ, ದನಗಳಿಗೆ ವರ್ಷದ ಮೇವು. ಗುಡಿಸಲಿಗೆ ಅದೇ ಮರೆ, ಅದೇ ಬೇಲಿ, ಒಲೆಗೂ ಅದೇ. ಮಕ್ಕಳು ಅದರ ಬೆಂಡಿನಲ್ಲಿ ಚಕ್ಕಡಿ ಮಾಡುತ್ತಿದ್ದರು. ನಾವೂ ಮಾಡಿದ್ದೇವೆ. ಕೂಲಿಯಾಗಿ ತೆನೆ ಸಿಗುತ್ತಿತ್ತು, ಅದರ ಜೊತೆ ಹೊರೆ ದಂಟೂ ಸಿಗುತ್ತಿತ್ತು. ಹೊಲ ಇಲ್ಲದವನೂ ಒಂದು ಎಮ್ಮೆ, ಎರಡು ಆಡು ಕಟ್ಟಿದ್ದು ಈ ದಂಟಿನ ಬಲದಿಂದ. ಹೈಬ್ರಿಡ್ ಎದೆಮಟ್ಟಕ್ಕೇ ನಿಂತಿತು. ಕಾಳು ಹೆಚ್ಚಾಯಿತು, ದಂಟು ಮೋಟಾಯಿತು. ಹೆಚ್ಚಾದ ಕಾಳು ಹೊಲದವನಿಗೆ, ಕಡಿಮೆಯಾದ ದಂಟು ನಮಗೆ. (1973ರಲ್ಲಿ ಮಂತ್ರಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಇದೆ ಅಂದದ್ದಕ್ಕೆ ಕುರ್ಚಿ ಬಿಡಬೇಕಾಯಿತು. ಬೂಸಾ ಎಂದರೆ ಏನೋ ಕೀಳು ಅಂತ ತಿಳಿದವರು ಗದ್ದಲ ಎಬ್ಬಿಸಿದರು. ದನದ ಮೇವಿನ ಮೇಲೆ ಬದುಕಿದವರಿಗೆ ಆ ಮಾತು ಅಷ್ಟು ಕೀಳಾಗಿ ಕೇಳಿಸುವುದಿಲ್ಲ.)

ಹಕ್ಕಲ ಆಯುವುದೂ ಹೀಗೆಯೇ. ಬೆಳೆ ಕಿತ್ತ ಮೇಲೆ ನೆಲಕ್ಕೆ ಬಿದ್ದ ತೆನೆಗಳನ್ನು ಆರಿಸಿಕೊಳ್ಳುವುದು ಕೇರಿಯ ಹೆಂಗಸರ, ಮಕ್ಕಳ ಪಾಲು. ಕಲ್ಯಾಣದಲ್ಲಿ ಹನ್ನೆರಡನೆಯ ಶತಮಾನದಲ್ಲಿ ಆಯ್ದಕ್ಕಿ ಮಾರಯ್ಯ ಬಿದ್ದ ಅಕ್ಕಿ ಆಯುವುದನ್ನೇ ಕಾಯಕ ಮಾಡಿಕೊಂಡ. ಹೆಚ್ಚು ತಂದ ದಿನ ಹೆಂಡತಿ ಲಕ್ಕಮ್ಮ ಅದನ್ನು ವಾಪಸು ಚೆಲ್ಲಿ ಬಾ ಅಂದಳು ಅಂತ ಕತೆ. ಇಬ್ಬರನ್ನೂ ನಾಡು ಪೂಜೆ ಮಾಡುತ್ತದೆ. ಅದೇ ಕಲ್ಯಾಣದ ಸುತ್ತಲ ಹೊಲಗಳಲ್ಲಿ ಹಕ್ಕಲ ಆಯ್ದ ನಮ್ಮ ಆಯಿಯರನ್ನು ಯಾರೂ ಶರಣೆಯರು ಅನ್ನಲಿಲ್ಲ. ಹೆಚ್ಚು ಆಯ್ದ ದಿನ ಕಳ್ಳಿಯರು ಅಂದರು.

ಹೈಬ್ರಿಡ್ ಮುಂಗಾರಿಗೆ ಬಂದ ಮೇಲೆ ಇನ್ನೊಂದು ತೊಡಕು ಕಂಡಿತು. ನಾಟಿ ಜೋಳ ಹಗಲು ಚಿಕ್ಕದಾಗುವುದನ್ನು ಕಾದು ತೆನೆ ಬಿಡುವ ಗಿಡ. ಯಾವಾಗ ಬಿತ್ತಿದರೂ ಮಳೆ ಹಿಂದೆ ಸರಿಯುವ ಹೊತ್ತಿಗೇ ಹೂ ಬಿಡುತ್ತದೆ, ಬಿಸಿಲಲ್ಲಿ ಕಾಳು ಗಟ್ಟಿಯಾಗುತ್ತದೆ. ಹೈಬ್ರಿಡ್ ಹಾಗಲ್ಲ. ದಿನ ಎಣಿಸಿ ನೂರು ದಿನದ ಆಸುಪಾಸು ಮುಗಿಸಿಬಿಡುತ್ತದೆ. ಬರ ಬೀಳುವ ಸೀಮೆಗೆ ಬೇಗ ಮುಗಿಯುವುದು ಒಳ್ಳೆಯದೇ ಅಲ್ಲವೆ ಅಂತ ವಿಜ್ಞಾನಿಗಳು ತಿಳಿದರು. ಆದರೆ ಕಾಳು ಹಾಲುಗಟ್ಟುವ ಹೊತ್ತಿಗೆ ಮೇಲೆ ಮಳೆ ಹಿಡಿಯಿತು. ತೆನೆಗೆ ಬೂಷ್ಟು ಹತ್ತಿತು, ಬಿಳಿ ಕಾಳು ಕಪ್ಪಾಯಿತು. ಸುಳಿ ತಿನ್ನುವ ನೊಣವೂ ಹೈಬ್ರಿಡ್‌ಗೆ ಹೆಚ್ಚು ಹತ್ತಿತು. ಮಳೆಗೆ ಮೊದಲೇ ಕೊಯ್ದು ಬೆಚ್ಚಗೆ ಒಣಗಿಸಿ ಎಂಬ ಸಲಹೆ ಬಂತು. ಬೆಚ್ಚಗೆ ಒಣಗಿಸಲು ಮೊದಲು ಸೋರದ ಮನೆ ಬೇಕಲ್ಲ.

ಕಪ್ಪಾದ ಕಾಳಿಗೆ ಸಂತೆಯಲ್ಲಿ ಬೆಲೆ ಕಮ್ಮಿ. ಹಾಗಾದರೆ ಅದು ಎಲ್ಲಿ ಹೋಯಿತು? ಆಯಿಯನ್ನು ಕೇಳಿದರೆ ನೇರವಾಗಿ ಹೇಳುತ್ತಿದ್ದಳು: “ಹೈಬ್ರೆಡ್ ಜ್ವಾಳ ನಮಗ, ಮಾಲದಂಡಿ ಸಾಹುಕಾರ್ರಿಗಿ. ಕೂಲಿ ಅಂತ ಅದನ್ನೇ ಅಳದು ಹಾಕ್ತಿದ್ರು. ಹಿಟ್ಟಿನಾಗ ಜಿಗಿನೇ ಇರ್ತಿದ್ದಿಲ್ಲ, ತಟ್ಟೂದ್ರಾಗೇ ರೊಟ್ಟಿ ಹರದು ಹೋಗ್ತಿತ್ತು.” ಒಂದೇ ಊರು, ಒಂದೇ ಬೆಳೆ, ಎರಡು ಕಾಳು. ಬಾವಿ ಎರಡು, ಚಹದ ಬಟ್ಟಲು ಎರಡು, ಮಸಣ ಎರಡು ಇದ್ದ ಊರಲ್ಲಿ ಜೋಳವೂ ಎರಡಾಯಿತು. ಇವತ್ತಿಗೂ ನಮ್ಮ ಕಡೆ ಕಸುವಿಲ್ಲದ ಹುಡುಗರನ್ನು ಕಂಡರೆ ಹಿರಿಯರು ‘ಹೈಬ್ರೆಡ್ ಮಂದಿ’ ಅಂತ ನಗುತ್ತಾರೆ. ಆ ನಗುವಿನ ಹಿಂದೆ ಹರಿದುಹೋದ ರೊಟ್ಟಿ ಇದೆ.

1972ರ ಬರ. ನಮ್ಮ ಕೇರಿಗಳಲ್ಲಿ ವಯಸ್ಸನ್ನು ಆ ಬರದಿಂದ ಎಣಿಸುವವರು ಇನ್ನೂ ಇದ್ದಾರೆ. ಮಹಾರಾಷ್ಟ್ರ, ನಮ್ಮ ಬೀದರ್–ಗುಲಬರ್ಗಾ ಸೀಮೆ ಸುಟ್ಟುಹೋದ ವರ್ಷ. ಕಾಮಗಾರಿಯಲ್ಲಿ ಕಲ್ಲು ಒಡೆದವರಿಗೆ ಅಮೆರಿಕದಿಂದ ಬಂದ ಕೆಂಪು ಜೋಳ ಕೊಟ್ಟರು. ಅದರ ಹೆಸರು ಮಿಲೋ. ಅಮೆರಿಕದಲ್ಲಿ ಅದು ದನ, ಕೋಳಿ, ಹಂದಿಗಳ ಮೇವು. ಹೌದು, ಟೆಕ್ಸಾಸಿನಲ್ಲಿ ತಾಯಿಯಾಗಿದ್ದ ಮಿಲೋವೇ. ರಾಜೇಂದ್ರನಗರದ ಪ್ರಯೋಗದ ಹೊಲದಲ್ಲಿ ಹೈಬ್ರಿಡ್‌ನ ಹೊಟ್ಟೆಯೊಳಗೆ ಮಿಲೋ, ನಮ್ಮ ಕೇರಿಯವರ ಹೊಟ್ಟೆಯೊಳಗೂ ಮಿಲೋ. ಒಂದನ್ನು ವಿಜ್ಞಾನ ಅಂತ ಬರೆದರು, ಇನ್ನೊಂದನ್ನು ಪರಿಹಾರ ಅಂತ ಬರೆದರು.

ಇಲ್ಲಿ ಸಂಸ್ಥೆಗೆ ನ್ಯಾಯ ಮಾಡಬೇಕು. ಬರೀ ಬಯ್ದು ಹೋಗುವುದು ಸುಲಭ, ಅದು ನಮ್ಮ ಕೆಲಸವೂ ಅಲ್ಲ. 1970-71ರಲ್ಲಿ ದೇಶದಲ್ಲಿ ಜೋಳ ಹೆಕ್ಟೇರಿಗೆ 5 ಕ್ವಿಂಟಲ್ ಕೂಡ ಬರುತ್ತಿರಲಿಲ್ಲ. ಈಗ 10 ಕ್ವಿಂಟಲ್ ಆಸುಪಾಸು ಬರುತ್ತದೆ. ನೀರಿಲ್ಲದ ನೆಲದಲ್ಲಿ ಇದು ಸಣ್ಣ ಮಾತಲ್ಲ. ಸಿಎಸ್‌ಎಚ್-1 ಆದ ಮೇಲೆ ಸಿಎಸ್‌ಎಚ್-5, 6, 9 ಬಂದವು, ಒಂದಕ್ಕಿಂತ ಒಂದು ಸುಧಾರಿಸಿದವು. ಆ ವಿಜ್ಞಾನಿಗಳು ಬಿಸಿಲಲ್ಲಿ ನಿಂತು ದುಡಿದವರು. ಹಸಿದ ದೇಶಕ್ಕೆ ಕಾಳು ಬೇಕು ಎಂಬುದು ಅವರ ಆತುರವಾಗಿತ್ತು. 1990ರ ದಶಕದಿಂದ ಈಚೆಗೆ ಕಾಳು-ಮೇವು ಎರಡಕ್ಕೂ ಆಗುವ ತಳಿಗಳ ಮಾತು ಬಂದಿದೆ. ಈಗ ತಳಿ ಬಿಡುಗಡೆ ಮಾಡುವಾಗ ಮೇವಿನ ಇಳುವರಿಯನ್ನೂ ಬರೆಯುತ್ತಾರೆ. ಒಂದು ಕಾಲಂ ಹೆಚ್ಚಾಗಲು ಮೂವತ್ತು ವರ್ಷ ಹಿಡಿಯಿತು.

ಜೋಳವನ್ನು ನಿಜವಾಗಿ ಕೊಂದದ್ದು ಸಂಸ್ಥೆ ಅಲ್ಲ. 1965ರಲ್ಲಿ ಭಾರತ ಆಹಾರ ನಿಗಮ ಬಂತು. 1966ರಲ್ಲಿ ಹೆಚ್ಚು ಇಳುವರಿ ತಳಿಗಳ ಕಾರ್ಯಕ್ರಮ ಶುರುವಾದಾಗ ಗೋಧಿ, ಭತ್ತ, ಜೋಳ, ಸಜ್ಜೆ, ಮೆಕ್ಕೆಜೋಳ ಐದೂ ಪಟ್ಟಿಯಲ್ಲಿದ್ದವು. ಆದರೆ ಕಾಲುವೆ ಹೋದದ್ದು ಗೋಧಿ ಭತ್ತಗಳ ಹೊಲಕ್ಕೆ. ಸರ್ಕಾರದ ಗೋದಾಮಿಗೆ ಹೋದದ್ದೂ ಅವೇ. ಜೋಳಕ್ಕೆ ಬೆಂಬಲ ಬೆಲೆ ಕಾಗದದ ಮೇಲಿತ್ತು, ಕೊಳ್ಳುವವರು ಇರಲಿಲ್ಲ. ನಮ್ಮ ಗಡಿಯಾಚೆ ಆಂಧ್ರದಲ್ಲಿ 1983ರಲ್ಲಿ ಎರಡು ರೂಪಾಯಿಗೆ ಕಿಲೋ ಅಕ್ಕಿ ಬಂತು. ಈ ಕಡೆಯೂ ರೇಷನ್ ಅಂಗಡಿ ಎಂದರೆ ಅಕ್ಕಿ ಗೋಧಿಯೇ ಆಯಿತು. ಹಸಿದವನಿಗೆ ಅಕ್ಕಿ ಬೇಡ ಅನ್ನುವ ದುರಹಂಕಾರ ನಮಗಿಲ್ಲ. ನಾವೂ ಆ ಅಕ್ಕಿ ತಿಂದೇ ಓದಿದವರು. ಆದರೆ ನಮ್ಮ ಎರಿ ಹೊಲದ ಜೋಳವನ್ನೇ ಕೊಂಡು ನಮ್ಮ ರೇಷನ್ ಅಂಗಡಿಗೆ ಹಾಕಿ ಅಂತ ಕೇಳುವ ಬಾಯಿ ಆಗ ವಿಧಾನಸಭೆಯಲ್ಲಿ ಎಷ್ಟಿದ್ದವು?

ಅದೂ ಅಲ್ಲದೆ 1956ರಲ್ಲಿ ಬೀದರ್ ಜಿಲ್ಲೆ ಹೈದರಾಬಾದು ರಾಜ್ಯದಿಂದ ಬಿಡಿಸಿಕೊಂಡು ಮೈಸೂರು ರಾಜ್ಯಕ್ಕೆ ಸೇರಿತು. ಭಾಷೆಗೆ ಮನೆ ಸಿಕ್ಕಿತು, ಅದು ದೊಡ್ಡ ಮಾತು. ಆದರೆ ಜೋಳದ ಸಂಸ್ಥೆ ಮೂಡಲಿಗೆ ನಾಲ್ಕು ತಾಸಿನ ದಾರಿಯಲ್ಲಿ ಪರರಾಜ್ಯದಲ್ಲಿ ಉಳಿಯಿತು. 1964ರಲ್ಲಿ ಆದ ನಮ್ಮ ಕೃಷಿ ವಿಶ್ವವಿದ್ಯಾಲಯ ಬೆಂಗಳೂರಿನಲ್ಲಿ, ಒಂದು ರಾತ್ರಿಯ ಪಯಣ. ಇನ್ನು ಮಾದರಿ ಪ್ಲಾಟು, ಬೀಜದ ಕಿಟ್ಟು, ರೈತರ ಪ್ರವಾಸ ಅಂತ ಏನೇ ಬಂದರೂ ಪಹಣಿಯಲ್ಲಿ ಹೆಸರಿದ್ದವನಿಗೆ. 1974ರ ಭೂಸುಧಾರಣೆಯಲ್ಲಿ ಉಳುವ ಗೇಣಿದಾರ ಒಡೆಯನಾದ. ಗೇಣಿಗೂ ಹೊಲ ಸಿಗದೆ ಬರೀ ಆಳಾಗಿದ್ದವನು ಆಳಾಗಿಯೇ ಉಳಿದ.

1970ರ ಹೊತ್ತಿಗೆ ದೇಶದಲ್ಲಿ ಜೋಳ ಸುಮಾರು 1 ಕೋಟಿ 70 ಲಕ್ಷ ಹೆಕ್ಟೇರಿನಲ್ಲಿತ್ತು. ಈಗ 40 ಲಕ್ಷದ ಆಸುಪಾಸು. ಬೀದರ್ ಜಿಲ್ಲೆ ಇವತ್ತು ಕರ್ನಾಟಕದಲ್ಲಿ ಸೋಯಾ ಅವರೆಯ ಮುಂಚೂಣಿಯ ಜಿಲ್ಲೆ. ಮುಂಗಾರಿ ಜೋಳ ನಿಲ್ಲುತ್ತಿದ್ದ ನೆಲದಲ್ಲಿ ಸೋಯಾ ಹರಡಿದೆ. ಒಂದು ತಮಾಷೆ ನೋಡಿ: ಜೋಳಕ್ಕೆ ಹೈದರಾಬಾದಿನಲ್ಲಿ ರಾಷ್ಟ್ರೀಯ ಕೇಂದ್ರ ಆದ 1987ರಲ್ಲೇ ಸೋಯಾಕ್ಕೂ ಇಂದೋರಿನಲ್ಲಿ ರಾಷ್ಟ್ರೀಯ ಕೇಂದ್ರ ಆಯಿತು. ಒಂದೇ ವರ್ಷ ತೊಟ್ಟಿಲು ತೂಗಿದ ಎರಡು ಕೂಸುಗಳಲ್ಲಿ ಒಂದು ಇನ್ನೊಂದರ ಹೊಲ ತಿಂದಿತು. ಸೋಯಾ ಎಣ್ಣೆ ಗಿರಣಿಗೆ ಹೋಗುತ್ತದೆ. ಅದರಲ್ಲಿ ಕೂಲಿಯವಳು ಮನೆಗೆ ಒಯ್ದು ತಟ್ಟುವಂಥದು ಏನೂ ಇಲ್ಲ.

ಇದೇ ರಸ್ತೆಯಲ್ಲಿ, ಗಡಿಯಾಚೆ ಜಹೀರಾಬಾದಿನ ಪಸ್ತಾಪುರದಲ್ಲಿ, ಬೇರೊಂದು ಸಂಶೋಧನೆ ನಡೆಯಿತು. ಅದಕ್ಕೆ ಕಾಂಪೌಂಡು ಇರಲಿಲ್ಲ. 1983ರಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಎಂಬ ಸಂಸ್ಥೆ ಹುಟ್ಟಿತು. ಅದನ್ನು ಕಟ್ಟಿದವರಲ್ಲಿ ಮುಖ್ಯರಾದ ಪಿ.ವಿ. ಸತೀಶ್ ನಮ್ಮ ಮೈಸೂರಿನವರು. ಆದರೆ ಸಂಸ್ಥೆಯ ಬೆನ್ನೆಲುಬು ದಲಿತ ಹೆಂಗಸರ ಸಂಘಗಳು. ಸರ್ಕಾರ ಕೊಟ್ಟ ಕಲ್ಲು ನೆಲ, ಬೀಳುಬಿದ್ದ ನೆಲಗಳನ್ನು ಅವರು ಹಸನು ಮಾಡಿದರು. ಜೋಳ, ಸಜ್ಜೆ, ನವಣೆ, ತೊಗರಿ ಬೆರೆಸಿ ಬಿತ್ತಿದರು. ಊರೂರಿಗೆ ಬೀಜದ ಮನೆ ಮಾಡಿದರು. 1990ರ ದಶಕದಲ್ಲಿ ತಮ್ಮ ಹೊಲದ ಜೋಳವನ್ನೇ ಕೂಡಿಟ್ಟು ಊರಿನ ಬಡವರಿಗೆ ತಾವೇ ಹಂಚಿದರು. ಯಾವ ಮನೆ ಬಡ ಮನೆ ಅಂತ ತೀರ್ಮಾನಿಸಿದ್ದೂ ಊರವರೇ ಕೂತು. 2008ರಲ್ಲಿ ತಮ್ಮದೇ ರೇಡಿಯೋ ಮಾಡಿದರು. 2019ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ಬಂತು. ಹುಮನಾಬಾದಿನಿಂದ ಬಸ್ಸಿನಲ್ಲಿ ಒಂದು ತಾಸು, ಅಷ್ಟೇ. ನಮ್ಮ ತಾಲ್ಲೂಕುಗಳಲ್ಲಿ ಅಂಥದು ಯಾಕೆ ಆಗಲಿಲ್ಲ ಎಂಬ ಪ್ರಶ್ನೆಯನ್ನು ನಾವು ನಮ್ಮ ಸಂಘಟನೆಗಳನ್ನೇ ಕೇಳಬೇಕು. ಭಾಷಣಕ್ಕೆ ಜನ ಕೂಡಿಸಿದ್ದೇವೆ, ಬೀಜಕ್ಕೆ ಕೂಡಿಸಲಿಲ್ಲ.

ಹೆಸರಿನ ಮಾತು ಆಮೇಲೆ ಅಂದಿದ್ದೆವು. ನಮ್ಮ ಪಠ್ಯಪುಸ್ತಕಗಳಲ್ಲಿ ನವಣೆ, ಸಾವೆಗಳ ಹೆಸರು ತೃಣಧಾನ್ಯ; ತೃಣ ಎಂದರೆ ಹುಲ್ಲುಕಡ್ಡಿ. ಸರ್ಕಾರದ ಕಡತದಲ್ಲಿ ಜೋಳ ಸಜ್ಜೆಗಳು ಒರಟು ಧಾನ್ಯ. 2018ರಲ್ಲಿ ಕೇಂದ್ರ ಸರ್ಕಾರ ಇವನ್ನು ಪೌಷ್ಟಿಕ ಧಾನ್ಯ ಎಂದು ಘೋಷಿಸಿತು. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷ ಎಂದಿತು. ಆ ವರ್ಷದ ಬಜೆಟ್ಟಿನಲ್ಲಿ ‘ಶ್ರೀ ಅನ್ನ’ ಎಂಬ ಹೆಸರು ಬಂತು, ರಾಜೇಂದ್ರನಗರದ ಸಂಸ್ಥೆಯನ್ನು ಜಾಗತಿಕ ಉತ್ಕೃಷ್ಟತಾ ಕೇಂದ್ರ ಮಾಡುವುದಾಗಿ ಘೋಷಣೆ ಆಯಿತು. ಮಾರ್ಚಿ ತಿಂಗಳಲ್ಲಿ ದಿಲ್ಲಿಯಲ್ಲಿ ದೊಡ್ಡ ಸಮ್ಮೇಳನ. ಅದೇ ಮಾರ್ಚಿಯಲ್ಲಿ ಸತೀಶ್ ತೀರಿಕೊಂಡರು. ನಮ್ಮನ್ನೂ ಹೀಗೇ ಕರೆಯುತ್ತ ಬಂದಿದ್ದಾರೆ: ಅಸ್ಪೃಶ್ಯ ಅಂದರು, ಹರಿಜನ ಅಂದರು, ಪರಿಶಿಷ್ಟ ಅಂದರು. ನಮ್ಮ ಸೀಮೆಗೆ 2019ರಲ್ಲಿ ಹೈದರಾಬಾದ್ ಕರ್ನಾಟಕ ತೆಗೆದು ಕಲ್ಯಾಣ ಕರ್ನಾಟಕ ಅಂದರು. ನಾವಾಗಿ ಇಟ್ಟುಕೊಂಡ ಹೆಸರು ಒಂದೇ, ದಲಿತ. ಜೋಳಕ್ಕೂ ಅದನ್ನು ಬೆಳೆದವರು ಇಟ್ಟ ಹೆಸರುಗಳಿವೆ: ಮಾಲದಂಡಿ, ಅಳ್ಳಿನ ಜೋಳ, ಸೀತನಿ ಜೋಳ. ಒಂದು ಪಂಚಮಿಗೆ ಅಳ್ಳು ಹುರಿಯಲು, ಒಂದು ಹಸಿ ತೆನೆ ಸುಟ್ಟು ತಿನ್ನಲು. ಮಾಸ್ತರರೆ, ನಿಮ್ಮ ಶಾಲೆಯ ಮಕ್ಕಳನ್ನು ಒಮ್ಮೆ ಕೇಳಿ ನೋಡಿ, ಇವುಗಳಲ್ಲಿ ಎಷ್ಟನ್ನು ಅವರು ಕಂಡಿದ್ದಾರೆ. ಮನೆಯಲ್ಲಿ ಆಯಿ ಇದ್ದರೆ ಅವಳನ್ನು ಕೇಳಿ ಬರೆದುಕೊಂಡು ಬರಲು ಹೇಳಿ. ಅದೂ ಸಂಶೋಧನೆಯೇ.

ಹೋದ ಎಳ್ಳಮಾಸಿಯ ಹಿಂದಿನ ದಿನ ನಾವು ಬಸವಕಲ್ಯಾಣದಲ್ಲಿದ್ದೆವು. ಮಾರನೆ ದಿನ ಹೊಲದವರೆಲ್ಲ ಭಜ್ಜಿ, ಅಂಬಲಿ, ರೊಟ್ಟಿ ಕಟ್ಟಿಕೊಂಡು ಹಿಂಗಾರಿ ಜೋಳದ ನಡುವೆ ಕೂತು ಉಣ್ಣುವ ಹಬ್ಬ. ಬಸ್ ನಿಲ್ದಾಣದ ಹೊರಗೆ ಒಬ್ಬ ತಾಯಿ ರೊಟ್ಟಿ ತಟ್ಟುತ್ತ ಕೂತಿದ್ದಳು. ಹಬ್ಬಕ್ಕೆ ಕೊಳ್ಳುವವರು ಸಾಲು ಹಚ್ಚಿದ್ದರು.

“ಯವ್ವಾ, ಜ್ವಾಳ ಎಲ್ಲಿದು?”

“ಸೊಲ್ಲಾಪುರ ಕಡಿದು ಯಪ್ಪಾ. ಮಾಲದಂಡಿ.”

“ನಿಮ್ಮೂರಾಗ ಬೆಳ್ಯಾದಿಲ್ಲೇನು?”

“ನಮಗೆಲ್ಲಿ ಹೊಲ? ನಾ ಕೂಲಿ ಹೋಗೋ ಹೊಲದಾಗ ಸೋಯಾ ಹಾಕ್ಯಾರ.”

“ಮನ್ಯಾಗ ನೀವೂ ಇದೇ ರೊಟ್ಟಿ ಉಣ್ತೀರಿ?”

ಆಕೆ ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿ ನಕ್ಕಳು. “ಇದು ಮಾರಾದು. ನಮಗ ರೇಷನ್ ಅಕ್ಕಿ ಅದ. ಸಂಜಿಗಿ ಉಳದ್ರ ಒಂದೆರಡು ಮಕ್ಕಳಿಗಿ ಒಯ್ತೀನಿ.” ಒಲೆಗೆ ಆಕೆ ತೊಗರಿ ಕಟಿಗಿ ತುರುಕುತ್ತಿದ್ದಳು. ಜೋಳದ ದಂಟು ಹಾಕಬಾರದೇನು ಅಂದೆವು. “ಕಣಕಿ ಈಗ ಯಾರು ಒಲಿಗಿ ಹಾಕ್ತಾರ ತಮ್ಮಾ, ಅದಕ್ಕ ಬಂಗಾರದ ರೇಟ್ ಆಗ್ಯಾದ” ಅಂದಳು. ಆಮೇಲೆ ಹಿಂದೆ ನಿಂತ ಗಿರಾಕಿಗೆ ರೊಟ್ಟಿ ಎಣಿಸತೊಡಗಿದಳು.